ಐದು ಲಕ್ಷದ ಕಾರ್ಡು, ಸೋರುವ ಕಣ್ಣು

ಮಸ್ಕಿ ಸಂತೆಯಲ್ಲಿ ಸೊಪ್ಪು ಮಾರುವ ಒಬ್ಬ ಅಮ್ಮನ ಹತ್ತಿರ ಯಾವಾಗಲೂ ಎರಡು ಬಟ್ಟೆ ತುಂಡು ಇರುತ್ತವೆ. ಒಂದು ನೀರಲ್ಲಿ ಅದ್ದಿ ಸೊಪ್ಪಿನ ಮೇಲೆ ಹೊದಿಸಲು, ಇನ್ನೊಂದು ಕಣ್ಣು ಒರೆಸಿಕೊಳ್ಳಲು. ಎಡಗಣ್ಣು ನಾಲ್ಕು ವರ್ಷದಿಂದ ಸೋರುತ್ತಿದೆ. ಮೂಗಿನ ಪಕ್ಕದ ಮೂಲೆಯನ್ನು ಬೆರಳಿಂದ ಒತ್ತಿದರೆ ಕೀವು ಬರುತ್ತದೆ. ಎರಡೂ ಕಣ್ಣಿಗೆ ಪೊರೆ ಬಂದಿದೆ. ಉಚಿತ ನೇತ್ರ ತಪಾಸಣೆ ಶಿಬಿರಕ್ಕೆ ಹೋಗಿದ್ದರು. ಹೆಸರು ಬರೆಸಿದರು, ಬಿಪಿ ನೋಡಿದರು, ಸಕ್ಕರೆ ನೋಡಿದರು, ಕೊನೆಗೆ ಕಣ್ಣಿನ ಮೂಲೆಯ ತೂತಿಗೆ ಸಣ್ಣ ಸೂಜಿಯಿಂದ ನೀರು ಬಿಟ್ಟು ಪರೀಕ್ಷೆ ಮಾಡಿದರು. ಬಿಟ್ಟ ನೀರು ಗಂಟಲಿಗೆ ಇಳಿಯಲಿಲ್ಲ, ಬಂದ ದಾರಿಯಲ್ಲೇ ವಾಪಸ್ ಬಂತು. ಅವರನ್ನು ಪಕ್ಕದ ಬೆಂಚಿನಲ್ಲಿ ಕೂರಿಸಿ ಉಳಿದವರನ್ನು ಆಸ್ಪತ್ರೆಯ ಬಸ್ಸಿಗೆ ಹತ್ತಿಸಿದರು.

"ಕಣ್ಣೀರಿನ ದಾರಿ ಮುಚ್ಚೈತಿ, ಮೊದ್ಲು ಅದನ್ನ ಮಾಡಿಸ್ಕೊಂಡು ಬಾ, ಆಮ್ಯಾಲೆ ಪೊರೆ ತೆಗಿತೀವಿ ಅಂದ್ರು ತಮ್ಮಾ. ಎಲ್ಲಿ ಮಾಡಿಸ್ಬೇಕು ಅಂತ ಒಬ್ರೂ ಹೇಳ್ಲಿಲ್ಲ."

ಅವರ ಸಂಚಿಯಲ್ಲಿ ಎಲೆ ಅಡಿಕೆಯ ಜೊತೆಗೆ ಪ್ಲಾಸ್ಟಿಕ್ ಹಾಕಿಸಿದ ಆಯುಷ್ಮಾನ್ ಕಾರ್ಡಿದೆ. ಬಿಪಿಎಲ್ ಕುಟುಂಬ, ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ. ಆ ಕಾರ್ಡನ್ನು ಅವರು ನಮ್ಮ ಕೈಗೆ ಕೊಟ್ಟು ಕೇಳಿದ್ದು ಒಂದೇ ಮಾತು: "ಇದ್ರಾಗ ಬರ್ತೈತೇನು?"

ಬರುತ್ತದೆ. ನಮಗೆ ಸಿಟ್ಟು ಬಂದಿದ್ದು ಅದಕ್ಕೇ. ಮುಚ್ಚಿದ ಕಣ್ಣೀರ ನಾಳಕ್ಕೆ ಹೊಸ ದಾರಿ ಮಾಡುವುದು, ಕೀವು ತುಂಬಿದ ಕಣ್ಣೀರ ಚೀಲ ತೆಗೆಯುವುದು, ಒಳಕ್ಕೆ ಮಡಚಿದ ರೆಪ್ಪೆ ಸರಿಪಡಿಸುವುದು, ಹೊರಕ್ಕೆ ಜೋತು ಬಿದ್ದ ರೆಪ್ಪೆ ಎತ್ತುವುದು, ಹರಿದ ರೆಪ್ಪೆ ಹೊಲಿಯುವುದು, ಇವೆಲ್ಲ ಆಯುಷ್ಮಾನ್ ಯೋಜನೆಯ ನೇತ್ರ ವಿಭಾಗದ ಪಟ್ಟಿಯಲ್ಲಿ ಇವೆ. ಇವು ಕಾಗದದ ಮೇಲೆ ಇವೆ ಎಂಬ ಒಂದೇ ಕಾರಣಕ್ಕೆ ಯಾರೂ ಇವುಗಳ ಬಗ್ಗೆ ಪ್ರಶ್ನೆ ಕೇಳುತ್ತಿಲ್ಲ. ಸಿಂಧನೂರು, ಲಿಂಗಸುಗೂರು, ಮಸ್ಕಿ ತಾಲೂಕುಗಳ ಬಡ ಹೆಣ್ಣುಮಕ್ಕಳಿಗೆ ಈ ಪಟ್ಟಿಯಿಂದ ಆಪರೇಷನ್ ಟೇಬಲ್ಲಿನವರೆಗೆ ಇರುವ ದಾರಿಯೂ ಅವರ ಕಣ್ಣೀರ ನಾಳದ ಹಾಗೇ ಮುಚ್ಚಿದೆ ಎಂಬುದು ನಮ್ಮ ತಕರಾರು.

ಈ ಕಾಯಿಲೆ ಏನು ಎಂಬುದನ್ನು ನಮ್ಮ ಭಾಗದ ರೈತರಿಗೆ ಎರಡು ಮಾತಲ್ಲಿ ಹೇಳಬಹುದು. ಕಣ್ಣು ಒಂದು ಗದ್ದೆ ಎಂದುಕೊಳ್ಳಿ. ಮೇಲಿಂದ ನೀರು ಬರಲು ಕಾಲುವೆ ಇದೆ, ಹೆಚ್ಚಾದ ನೀರು ಹೋಗಲು ಬಸಿಗಾಲುವೆ ಇದೆ. ಕಣ್ಣಿನ ಬಸಿಗಾಲುವೆ ಒಳಮೂಲೆಯಿಂದ ಹೊರಟು, ಒಂದು ಸಣ್ಣ ಚೀಲದ ಮೂಲಕ, ಎಲುಬಿನ ಒಳಗಿನ ಓಣಿಯಲ್ಲಿ ಹಾದು ಮೂಗಿಗೆ ಇಳಿಯುತ್ತದೆ. ಅತ್ತಾಗ ಮೂಗು ಸುರಿಯುವುದು ಇದೇ ದಾರಿಯಿಂದ. ಬಸಿಗಾಲುವೆ ಮುಚ್ಚಿದ ಗದ್ದೆ ಏನಾಗುತ್ತದೆ ಎಂದು ತುಂಗಭದ್ರಾ ಎಡದಂಡೆಯ ರೈತರಿಗೆ ಯಾರೂ ಪಾಠ ಮಾಡಬೇಕಿಲ್ಲ. ನೀರು ನಿಂತು, ಕೊಳೆತು, ಜವಳಾಗುತ್ತದೆ. ಕಣ್ಣಲ್ಲೂ ಅದೇ ಆಗುತ್ತದೆ. ಚೀಲದಲ್ಲಿ ನಿಂತ ನೀರಿಗೆ ಸೋಂಕು ಹತ್ತಿ ಕೀವಾಗುತ್ತದೆ. ಹೆಂಗಸರಲ್ಲಿ ಆ ಎಲುಬಿನ ಓಣಿ ಸಾಮಾನ್ಯವಾಗಿ ಇಕ್ಕಟ್ಟು, ಹಾಗಾಗಿ ನಡುವಯಸ್ಸು ದಾಟಿದ ಹೆಂಗಸರಲ್ಲಿ ಇದು ಗಂಡಸರಿಗಿಂತ ಹೆಚ್ಚು. ಒಲೆಯ ಹೊಗೆಗೆ ಕಣ್ಣು ಸೋರುವುದು ಹೆಂಗಸಿನ ಹಣೆಬರಹ ಎಂದು ಮನೆಯವರು ಸುಮ್ಮನಾಗುವುದರಿಂದ, ಈ ಸೋರುವಿಕೆ ರೋಗ ಅಂತ ಗೊತ್ತಾಗುವುದೇ ಶಿಬಿರದ ಬೆಂಚಿನ ಮೇಲೆ.

ಶಿಬಿರದವರು ಆ ಅಮ್ಮನನ್ನು ವಾಪಸ್ ಕಳಿಸಿದ್ದು ತಪ್ಪಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇವೆ. ಕೀವು ತುಂಬಿದ ಚೀಲದ ಪಕ್ಕದಲ್ಲೇ ಕಣ್ಣು ತೆರೆದು ಪೊರೆ ತೆಗೆದರೆ ಆ ಸೋಂಕು ಕಣ್ಣಿನೊಳಗೆ ಇಳಿದು, ದೃಷ್ಟಿ ಅಲ್ಲ, ಕಣ್ಣನ್ನೇ ಕಳೆಯಬಹುದು. ನೀರು ಬಿಟ್ಟು ನೋಡುವುದು ಅದಕ್ಕೇ. ತಪ್ಪಾದದ್ದು ಆಮೇಲೆ. ಪೊರೆಗೆ ಬಸ್ಸಿದೆ, ಊಟ ಇದೆ, ಕಪ್ಪು ಕನ್ನಡಕ ಇದೆ, ಮರುದಿನ ವಾಪಸ್ ತಂದು ಬಿಡುವ ವ್ಯವಸ್ಥೆ ಇದೆ. ಪೊರೆಗೆ ಮೊದಲು ಆಗಬೇಕಾದ ಕೆಲಸಕ್ಕೆ ಒಂದು ಚೀಟಿಯೂ ಇಲ್ಲ. ಹೀಗೆ ಕಣ್ಣೀರ ನಾಳದ ಸಣ್ಣ ತೊಂದರೆ ಇರುವ ಹೆಂಗಸು ಪೊರೆಯ ಆಪರೇಷನ್ನಿನಿಂದಲೂ ಹೊರಗುಳಿದು, ಮಾಗಿದ ಪೊರೆಯಲ್ಲಿ ಕುರುಡಾಗುತ್ತಾಳೆ. ಲೆಕ್ಕದಲ್ಲಿ ಅದು 'ಪೊರೆಯಿಂದ ಅಂಧತ್ವ' ಎಂದು ಬರುತ್ತದೆ. ಅದಕ್ಕೆ ಪರಿಹಾರವಾಗಿ ಮತ್ತೊಂದು ಪೊರೆ ಶಿಬಿರ!

ಸಿಂಧನೂರು ಕಡೆ 'ಕ್ಯಾಂಪ್' ಎಂದರೆ ಊರು. ಕಾಲುವೆ ಬಂದಾಗ ಆಂಧ್ರದಿಂದ ಬಂದವರು ಕಟ್ಟಿಕೊಂಡ ಕ್ಯಾಂಪುಗಳು, ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿಗಳ ಆರ್‌ಎಚ್ ಕ್ಯಾಂಪುಗಳು. ಕ್ಯಾಂಪ್ ಎಂದು ಬಂದು ಅಲ್ಲೇ ಉಳಿದವು. ಕಣ್ಣಿನ ಕ್ಯಾಂಪು ಮಾತ್ರ ಒಂದೇ ದಿನಕ್ಕೆ ಎದ್ದು ಹೋಗುತ್ತದೆ, ಹಿಂದೆ ಯಾವ ಕಾಗದವನ್ನೂ ಬಿಡುವುದಿಲ್ಲ.

ಈ ಭಾಗಕ್ಕೆ ಇದು ಇನ್ನೂ ಅಪಾಯಕಾರಿ ಆಗುವುದು ನೆಲ್ಲಿನಿಂದ. ಕಟಾವಿನ ಹೊತ್ತಿಗೆ ನೆಲ್ಲಿನ ಮುಳ್ಳು, ಹೊಟ್ಟು, ದೂಳು ಕಣ್ಣಿಗೆ ಬೀಳುವುದು ಹೊಸದೇನಲ್ಲ. ಒಳ್ಳೆಯ ಕಣ್ಣಿದ್ದರೆ ಕಪ್ಪುಗುಡ್ಡೆಯ ಮೇಲಿನ ಸಣ್ಣ ಗೀರು ಎರಡು ದಿನಕ್ಕೆ ಮಾಯುತ್ತದೆ. ಪಕ್ಕದಲ್ಲೇ ಕೀವಿನ ಚೀಲ ಇದ್ದರೆ ಆ ಗೀರಿಗೆ ಸೋಂಕು ಹತ್ತಿ ಹುಣ್ಣಾಗುತ್ತದೆ, ಹುಣ್ಣು ಮಾಯ್ದ ಮೇಲೆ ಬಿಳಿ ಕಲೆ ಉಳಿಯುತ್ತದೆ. ನಮ್ಮ ಕಡೆ ಅದಕ್ಕೆ 'ಹೂವು ಬಿತ್ತು' ಅನ್ನುತ್ತಾರೆ. ಕಣ್ಣೀರ ಚೀಲದ ಸೋಂಕಿರುವ ಕೂಲಿಕಾರರಿಗೆ ರಾಶಿಯ ಕಾಲದಲ್ಲಿ ಕಪ್ಪುಗುಡ್ಡೆಯ ಹುಣ್ಣಾಗುವ ಅಪಾಯ ಹೆಚ್ಚು ಎಂಬುದು ಕಣ್ಣಿನ ವೈದ್ಯರಿಗೆ ಹೊಸ ಸಂಗತಿಯಲ್ಲ. ಹೂವು ಬಿದ್ದ ಕಣ್ಣಿಗೆ ಬೇಕಾಗುವುದು ಸತ್ತವರಿಂದ ಪಡೆದ ಕಾರ್ನಿಯಾ. ಒಂದು ಗಂಟೆಯ ಆಪರೇಷನ್ ತಪ್ಪಿಸಿದ್ದಕ್ಕೆ ಕಡೆಗೆ ನೇತ್ರದಾನಕ್ಕಾಗಿ ಕಾಯುವ ಸಾಲಿನಲ್ಲಿ ನಿಲ್ಲಬೇಕು.

ರೆಪ್ಪೆಯ ಕತೆಯೂ ಬೇರೆಯಲ್ಲ. ವಯಸ್ಸಾದವರ ಕೆಳರೆಪ್ಪೆ ಸಡಿಲಾಗಿ ಒಳಕ್ಕೆ ಮಡಚಿಕೊಂಡರೆ ಪ್ರತಿ ಸಲ ಕಣ್ಣು ಮಿಟುಕಿಸಿದಾಗಲೂ ರೆಪ್ಪೆಗೂದಲು ಕಪ್ಪುಗುಡ್ಡೆಯನ್ನು ಉಜ್ಜುತ್ತದೆ. ಟ್ರಕೋಮಾ ಎಂಬ ಹಳೆಯ ಕಣ್ಣಿನ ಬೇನೆ ಬಂದು ಹೋದವರಿಗೂ ಹೀಗೇ. ಭಾರತ ಟ್ರಕೋಮಾದಿಂದ ಮುಕ್ತ ಎಂದು ವಿಶ್ವ ಆರೋಗ್ಯ ಸಂಸ್ಥೆ 2024ರ ಅಕ್ಟೋಬರ್‌ನಲ್ಲಿ ಘೋಷಿಸಿತು, ಅಂದರೆ ಸಾರ್ವಜನಿಕ ಆರೋಗ್ಯದ ಸಮಸ್ಯೆಯಾಗಿ ಅದು ಉಳಿದಿಲ್ಲ ಅಂತ. ಸಂತೋಷ. ಆದರೆ ಎಳೆಯ ವಯಸ್ಸಿನಲ್ಲಿ ಆ ಬೇನೆ ತಿಂದವರ ರೆಪ್ಪೆ ಘೋಷಣೆ ಕೇಳಿ ನೆಟ್ಟಗಾಗುವುದಿಲ್ಲ. ಲಿಂಗಸುಗೂರು ತಾಲೂಕಿನ ಒಂದು ಹಳ್ಳಿಯಲ್ಲಿ ಮೊಮ್ಮಗಳು ತನ್ನ ಅಜ್ಜಿಯ ರೆಪ್ಪೆಗೂದಲನ್ನು ಹದಿನೈದು ದಿನಕ್ಕೊಮ್ಮೆ ಚಿಮಟದಿಂದ ಕೀಳುವುದನ್ನು ನಾವು ನೋಡಿದೆವು. ಬಾಗಿಲ ಬೆಳಕಿಗೆ ಅಜ್ಜಿ ಮುಖ ಎತ್ತಿ ಕೂತಿದ್ದಳು. ಹುಡುಗಿ ಏಳನೇ ಕ್ಲಾಸು. "ಮತ್ತ ಬೆಳಿತಾವು ಅಣ್ಣಾ, ಮತ್ತ ಕೀಳದು" ಅಂದಳು. ಕಿತ್ತ ಕೂದಲು ಮತ್ತೆ ಮೊಂಡಾಗಿ ಬೆಳೆದು ಇನ್ನೂ ಜೋರಾಗಿ ಚುಚ್ಚುತ್ತದೆ. ರೆಪ್ಪೆ ಸರಿಮಾಡುವುದು ಮರಗಟ್ಟುವ ಸೂಜಿ ಕೊಟ್ಟು, ಅದೇ ದಿನ ಮನೆಗೆ ಕಳಿಸಬಹುದಾದ ಕೆಲಸ.

ಈಗ ಯೋಜನೆಗೆ ಬರೋಣ. ರಾಜ್ಯ ಸರಕಾರ 2018ರ ಮಾರ್ಚ್‌ನಲ್ಲಿ 'ಆರೋಗ್ಯ ಕರ್ನಾಟಕ' ತಂದಿತು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಕೇಂದ್ರದ ಆಯುಷ್ಮಾನ್ ಭಾರತ್ ಬಂತು. ಅಕ್ಟೋಬರ್ ಕೊನೆಗೆ ಎರಡನ್ನೂ ಕೂಡಿಸಿದರು. ಆಮೇಲೆ ಪ್ರಧಾನಮಂತ್ರಿಯ ಹೆಸರು, ಮುಖ್ಯಮಂತ್ರಿಯ ಹೆಸರು ಎರಡೂ ಸೇರಿ ಯೋಜನೆಯ ಹೆಸರೇ ಕಾರ್ಡಿನಲ್ಲಿ ಹಿಡಿಸದಷ್ಟು ಉದ್ದವಾಗಿದೆ. ನಡೆಸುವುದು ಬೆಂಗಳೂರಿನ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ. ಎಪಿಎಲ್ ಆದರೆ ಪ್ಯಾಕೇಜ್ ದರದಲ್ಲಿ ನೂರಕ್ಕೆ 30 ಮಾತ್ರ ಸರಕಾರದ್ದು, ಅದೂ ವರ್ಷಕ್ಕೆ 1.5 ಲಕ್ಷದವರೆಗೆ. ಸುಮಾರು 1,650 ಚಿಕಿತ್ಸೆಗಳ ಪಟ್ಟಿಯನ್ನು ಸರಳ ದ್ವಿತೀಯ ಹಂತ, ಸಂಕೀರ್ಣ ದ್ವಿತೀಯ ಹಂತ, ತೃತೀಯ ಹಂತ, ತುರ್ತು ಎಂದು ಹಂಚಿದರು. ಸರಳವಾದದ್ದು ಸರಕಾರಿ ಆಸ್ಪತ್ರೆಯಲ್ಲೇ ಆಗಬೇಕು. ಸಂಕೀರ್ಣ ಮತ್ತು ತೃತೀಯ ಹಂತದ್ದು ಸರಕಾರಿ ಆಸ್ಪತ್ರೆಯಲ್ಲಿ ಆಗದಿದ್ದರೆ, ಅಲ್ಲಿಂದ ರೆಫರಲ್ ಲೆಟರ್ ತಗೊಂಡು ಯೋಜನೆಯಲ್ಲಿರುವ ಖಾಸಗಿ ಆಸ್ಪತ್ರೆಗೆ ಹೋಗಬಹುದು. ತುರ್ತು ಇದ್ದರೆ ಲೆಟರ್ ಬೇಡ.

ಸೋರುವ ಕಣ್ಣು ತುರ್ತಲ್ಲ. ನಾಲ್ಕು ವರ್ಷದಿಂದ ಸೋರುತ್ತಿರುವುದು ಇವತ್ತು ಹೇಗೆ ತುರ್ತಾದೀತು? ಹಾಗಾಗಿ ಯಾವ ದಾರಿ ಹಿಡಿದರೂ ಮೊದಲು ಸರಕಾರಿ ಆಸ್ಪತ್ರೆಯ ಬಾಗಿಲಿಗೇ ಹೋಗಬೇಕು. ಈ ನಿಯಮದ ಉದ್ದೇಶವನ್ನು ನಾವು ವಿರೋಧಿಸುವುದಿಲ್ಲ. ಸರಕಾರಿ ಆಸ್ಪತ್ರೆಯನ್ನು ಬಿಟ್ಟು ದುಡ್ಡನ್ನೆಲ್ಲ ಖಾಸಗಿಗೆ ಹರಿಸಬಾರದು, ಬೇಡದ ಆಪರೇಷನ್ ಮಾಡಿ ಬಿಲ್ ಎತ್ತುವುದನ್ನು ತಡೆಯಬೇಕು, ಇದೆಲ್ಲ ಸರಿ. ಆದರೆ ಬಾಗಿಲ ಹಿಂದೆ ಆ ಕೆಲಸ ಮಾಡುವವರೂ ಇರಬೇಕಲ್ಲ? ಮೂರು ತಾಲೂಕಿನ ಯಾವ ಸರಕಾರಿ ಆಸ್ಪತ್ರೆಯಲ್ಲಿ ಕಣ್ಣೀರ ನಾಳದ ಆಪರೇಷನ್ ಆಗುತ್ತದೆ, ವಾರದ ಯಾವ ದಿನ ಆಗುತ್ತದೆ ಎಂದು ಒಂದು ಬೋರ್ಡನ್ನು ನಮಗೆ ತೋರಿಸಿ. ಒಂದು ಸರಕಾರಿ ಆಸ್ಪತ್ರೆಯಲ್ಲಿ ನಾವು ಕೇಳಿದಾಗ ಸಿಕ್ಕ ಉತ್ತರ "ಇಲ್ಲಿ ಆಗಲ್ರಿ, ರಾಯಚೂರಿಗೆ ಹೋಗ್ರಿ". ಲೆಟರ್ ಕೊಡಿ ಅಂದರೆ "ಲೆಟರ್ ರಾಯಚೂರಿನಾಗ ಕೊಡ್ತಾರ". ಒಂದು ಖಾಸಗಿ ಆಸ್ಪತ್ರೆಯಲ್ಲಿ ಕೇಳಿದರೆ "ಮಾಡ್ತೀವಿ, ಕಾರ್ಡಿನಾಗ ಅಲ್ಲ, ಕ್ಯಾಶ್". ಸೊಪ್ಪಿನ ಅಮ್ಮನ ಕಾರ್ಡು ಈ ಮೂರು ಉತ್ತರಗಳ ನಡುವೆ ಸಂಚಿಯಲ್ಲೇ ಕೂತಿದೆ.

ಖಾಸಗಿಯವರ ಮಾತಿನಲ್ಲೂ ಸ್ವಲ್ಪ ನಿಜ ಇರಬಹುದು. ಹಳೆಯ ಕಣ್ಣೀರ ಚೀಲಕ್ಕೆ ಎರಡು ತರದ ಕೆಲಸ ಇದೆ. ಒಂದು, ಚೀಲವನ್ನೇ ತೆಗೆದು ಹಾಕುವುದು. ಬೇಗ ಮುಗಿಯುತ್ತದೆ, ಕೀವು ನಿಲ್ಲುತ್ತದೆ, ಪೊರೆ ತೆಗೆಯಬಹುದು, ಆದರೆ ಸೋರುವುದು ಸಾಯುವವರೆಗೆ ಇರುತ್ತದೆ. ಇನ್ನೊಂದು, ಮೂಗಿನ ಪಕ್ಕದ ಎಲುಬಿನಲ್ಲಿ ಕಿಂಡಿ ಮಾಡಿ ಚೀಲವನ್ನು ನೇರವಾಗಿ ಮೂಗಿಗೆ ಕೂಡಿಸುವುದು. ಇಟಲಿಯ ಟೋಟಿ ಎಂಬ ವೈದ್ಯ 1904ರಲ್ಲಿ ತೋರಿಸಿಕೊಟ್ಟ ವಿಧಾನ ಇದು, ಹೊಸದೇನಲ್ಲ. ಸರಿಯಾಗಿ ಮಾಡಿದರೆ ನೂರರಲ್ಲಿ ತೊಂಬತ್ತಕ್ಕೂ ಹೆಚ್ಚು ಜನರಿಗೆ ಸೋರುವುದೂ ನಿಲ್ಲುತ್ತದೆ, ಕೀವೂ ನಿಲ್ಲುತ್ತದೆ. ಆದರೆ ಸಮಯ ಹಿಡಿಯುತ್ತದೆ, ರಕ್ತ ಹೆಚ್ಚು, ಕೆಲವರಿಗೆ ಸಿಲಿಕಾನ್ ನಳಿಕೆ ಹಾಕಬೇಕು, ಮೂಗಿನ ವೈದ್ಯರೂ ನೋಡಬೇಕು. ಹತ್ತು ನಿಮಿಷಕ್ಕೊಂದು ಪೊರೆ ತೆಗೆಯುವ ಟೇಬಲ್ಲಿನಲ್ಲಿ ಒಂದು ಗಂಟೆ ಇದಕ್ಕೆ ಕೊಡಲು ಆಸ್ಪತ್ರೆಯ ಲೆಕ್ಕ ಒಪ್ಪುವುದಿಲ್ಲ. ಪ್ಯಾಕೇಜ್ ದರವನ್ನು ಕಟ್ಟಿದವರು ಈ ಒಂದು ಗಂಟೆಯನ್ನು ಎಣಿಸಿದ್ದರೇ ಎಂದು ಟ್ರಸ್ಟ್ ಹೇಳಬೇಕು. ಎಣಿಸದಿದ್ದರೆ ದರ ಬದಲಿಸಿ. ಎಣಿಸಿದ್ದೂ ಆಸ್ಪತ್ರೆಗಳು ಕಾರ್ಡು ತಳ್ಳಿ ಕ್ಯಾಶ್ ಕೇಳುತ್ತಿದ್ದರೆ ಅವುಗಳನ್ನು ಪಟ್ಟಿಯಿಂದ ತೆಗೆಯಿರಿ. ಎರಡರಲ್ಲಿ ಒಂದು ಆಗಲೇಬೇಕು.

ಎಂಬತ್ತರ ಅಜ್ಜಿಗೆ ಚೀಲ ತೆಗೆಯುವುದೇ ಒಳ್ಳೆಯದು ಎಂದು ವೈದ್ಯರು ತೀರ್ಮಾನಿಸಿದರೆ ಅದು ವೈದ್ಯಕೀಯ. ಮೂವತ್ತೈದರ, ಹತ್ತಿ ಬಿಡಿಸುವ ಹೆಂಗಸಿಗೂ ಅದನ್ನೇ ಮಾಡಿ 'ಮುಗೀತು' ಅಂದರೆ ಅದು ಬಡತನಕ್ಕೆ ಕೊಟ್ಟ ಚಿಕಿತ್ಸೆ. ಆಕೆ ಇನ್ನು ಮೂವತ್ತು ವರ್ಷ ಕಣ್ಣು ಒರೆಸಿಕೊಂಡೇ ಹತ್ತಿ ಬಿಡಿಸಬೇಕು.

ಇನ್ನು ಖರ್ಚು. ಉಚಿತ ಎಂಬ ಪದ ಆಸ್ಪತ್ರೆಯ ಬಿಲ್ಲಿಗೆ ಮಾತ್ರ ಸಂಬಂಧಿಸಿದ್ದು. ದಾಖಲಾಗುವ ಮೂರು ದಿನ ಮುಂಚಿನ ಮತ್ತು ಬಿಡುಗಡೆಯಾದ ಹದಿನೈದು ದಿನದವರೆಗಿನ ಪರೀಕ್ಷೆ, ಔಷಧಿ ಆಯುಷ್ಮಾನ್ ಪ್ಯಾಕೇಜಿನಲ್ಲಿ ಸೇರಿವೆ. ಅದಕ್ಕೆ ಮೊದಲು ಹೊರರೋಗಿಯಾಗಿ ಅಲೆದದ್ದು ಸೇರಿಲ್ಲ. ಲಿಂಗಸುಗೂರಿನಿಂದ ಆಗಲಿ ಸಿಂಧನೂರಿನಿಂದ ಆಗಲಿ ರಾಯಚೂರು ತೊಂಬತ್ತು ಕಿಲೋಮೀಟರ್ ಆಸುಪಾಸು. ತಾಲೂಕು ಆಸ್ಪತ್ರೆಗೆ ಒಂದು ದಿನ. ರಾಯಚೂರಲ್ಲಿ ತೋರಿಸಲು ಒಂದು ದಿನ. ರಕ್ತ ಪರೀಕ್ಷೆ, ಮೂಗಿನ ವೈದ್ಯರ ಅಭಿಪ್ರಾಯಕ್ಕೆ ಇನ್ನೊಂದು. ದಾಖಲಾಗಿ ಆಪರೇಷನ್ ಆಗಿ ಬರಲು ಮೂರು. ಹೊಲಿಗೆ ಬಿಚ್ಚಲು ಒಂದು. ನಳಿಕೆ ಹಾಕಿದ್ದರೆ ಒಂದೆರಡು ತಿಂಗಳ ಮೇಲೆ ತೆಗೆಸಲು ಒಂದು. ಎಲ್ಲವೂ ಮೊದಲ ಸಲಕ್ಕೇ ಆಗಿ, ಯಾರೂ 'ನಾಳೆ ಬಾ' ಎನ್ನದಿದ್ದರೆ ಎಂಟು ದಿನ. ಕಣ್ಣಿಗೆ ಪಟ್ಟಿ ಕಟ್ಟಿದ ಹೆಂಗಸು ಒಬ್ಬಳೇ ಓಡಾಡುವುದಿಲ್ಲ, ಜೊತೆಗೊಬ್ಬರು ಬೇಕು. ಹದಿನಾರು ದಿನದ ಕೂಲಿ. 2025–26ರ ಉದ್ಯೋಗ ಖಾತ್ರಿ ದರ ದಿನಕ್ಕೆ 370 ರೂಪಾಯಿ ಹಿಡಿದರೂ 5,920 ರೂಪಾಯಿ ಹೋಯಿತು. ರಾಯಚೂರಿಗೆ ಐದು ಸಲ ಹೋಗಿ ಬಂದರೆ 900 ಕಿಲೋಮೀಟರ್. 2023ರ ಜೂನ್‌ನಿಂದ ಶಕ್ತಿ ಯೋಜನೆ ಇರುವುದರಿಂದ ಆಕೆಯ ಟಿಕೆಟ್ಟಿಗೆ ದುಡ್ಡಿಲ್ಲ, ಇದು ನಿಜಕ್ಕೂ ದೊಡ್ಡ ಉಪಕಾರ, ಆಕೆ ಇಷ್ಟಾದರೂ ಓಡಾಡುತ್ತಿರುವುದು ಅದರಿಂದಲೇ. ಜೊತೆಗೆ ಬರುವ ಮಗನ ಟಿಕೆಟ್ಟು, ಇಬ್ಬರ ಊಟ, ಚಹಾ ಮನೆಯದು. ಸೊಪ್ಪು ಮಾರುವವರಿಗೆ ಸಂತೆ ತಪ್ಪಿದರೆ ಕೂಲಿಯ ಜೊತೆ ಗಿರಾಕಿಯೂ ತಪ್ಪುತ್ತದೆ.

ಈ ಸೋಮವಾರ ಹೋಗಿ ಬರೋಣ, ನೆಲ್ಲು ನಾಟಿ ಮುಗಿಯಲಿ, ಜಾತ್ರೆ ಕಳೆಯಲಿ ಎಂದು ಮುಂದೂಡುವುದನ್ನು ಅಧಿಕಾರಿಗಳು 'ಅರಿವಿನ ಕೊರತೆ' ಎಂದು ಕರೆಯುತ್ತಾರೆ. ಈ ಪದವನ್ನು ಕೇಳಿ ಕೇಳಿ ನಮಗೆ ಸಾಕಾಗಿದೆ. ಪೋಸ್ಟರ್ ಅಂಟಿಸಿ, ಬೀದಿ ನಾಟಕ ಮಾಡಿಸಿ ಎನ್ನುತ್ತಾರೆ. ಆ ಅಮ್ಮನಿಗೆ ಎಲ್ಲ ಅರಿವಿದೆ. ರೋಗ ಗೊತ್ತು, ಪೊರೆಗಿಂತ ಮೊದಲು ಇದು ಆಗಬೇಕು ಅಂತ ಗೊತ್ತು, ಕಾರ್ಡು ಇದೆ. ಗೊತ್ತಿಲ್ಲದಿರುವುದು ಯಾವ ಬಾಗಿಲಿಗೆ ಹೋಗಬೇಕು ಎಂಬುದು, ಅದು ಅಧಿಕಾರಿಗಳಿಗೂ ಗೊತ್ತಿಲ್ಲ.

ಇನ್ನೊಂದು ವಾದ ಬರುತ್ತದೆ: ಹೃದಯ, ಕ್ಯಾನ್ಸರ್, ಕಿಡ್ನಿ ಎಂದು ಜನ ಸಾಯುತ್ತಿರುವಾಗ ಸೋರುವ ಕಣ್ಣಿಗೆ ಏನು ಅವಸರ? ಈ ಆಲೋಚನೆಗೆ ಒಂದು ಇತಿಹಾಸ ಇದೆ. 2010ರಲ್ಲಿ ವಾಜಪೇಯಿ ಆರೋಗ್ಯಶ್ರೀ ಶುರುವಾದದ್ದು ನಮ್ಮದೇ ಗುಲ್ಬರ್ಗಾ ವಿಭಾಗದಲ್ಲಿ, ಅದು ಇದ್ದದ್ದೂ ಮನೆ ಮಾರಿಸುವಂಥ ದೊಡ್ಡ ಕಾಯಿಲೆಗಳಿಗೆ. ಅದರಿಂದ ಎಷ್ಟೋ ಜೀವ ಉಳಿದವು, ಅನುಮಾನ ಇಲ್ಲ. ಆದರೆ ಸರಕಾರದ ತಲೆಯಲ್ಲಿ ಆರೋಗ್ಯ ಯೋಜನೆ ಎಂದರೆ ದೊಡ್ಡ ಊರಿನ ದೊಡ್ಡ ಆಸ್ಪತ್ರೆಯ ದೊಡ್ಡ ಬಿಲ್ಲು ಎಂಬ ಚಿತ್ರ ಆಗಿನಿಂದ ಹಾಗೇ ಉಳಿಯಿತು. 5 ಲಕ್ಷ ಎಂಬ ಅಂಕಿ ಭಾಷಣಕ್ಕೆ ಚೆಂದ. ಅಷ್ಟು ದುಡ್ಡೇನೂ ಬೇಕಿಲ್ಲದ, ಒಂದು ಗಂಟೆಯ ಕೆಲಸಕ್ಕೆ ತಾಲೂಕಿನಲ್ಲಿ ಕೈ ಇಲ್ಲ ಎಂಬುದು ಯಾವ ಭಾಷಣದಲ್ಲೂ ಬರುವುದಿಲ್ಲ.

ಕಣ್ಣಿನ ಕಾರ್ಯಕ್ರಮದ್ದೂ ಇದೇ ಕತೆ. ರಾಷ್ಟ್ರೀಯ ಅಂಧತ್ವ ನಿಯಂತ್ರಣ ಕಾರ್ಯಕ್ರಮ 1976ರಲ್ಲಿ ಶುರುವಾಯಿತು. ಪೊರೆ ಅತಿ ದೊಡ್ಡ ಕಾರಣವಾದ್ದರಿಂದ ಗುರಿ, ವರದಿ, ಸಂಸ್ಥೆಗಳಿಗೆ ಸಹಾಯಧನ ಎಲ್ಲವೂ ಪೊರೆಯ ಸುತ್ತ ಬೆಳೆಯಿತು. ರಾಜ್ಯದ ಆಶಾಕಿರಣದಲ್ಲಿ ಆಶಾ ಕಾರ್ಯಕರ್ತೆಯರು ಮನೆಮನೆಗೆ ಹೋಗಿ ಕಣ್ಣು ನೋಡಿ ಕನ್ನಡಕ, ಪೊರೆ ಎಂದು ಗುರುತಿಸುತ್ತಾರೆ. ಎಣಿಸುವ ಕಾಲಂ ಇದ್ದದ್ದು ಮಾತ್ರ ರೋಗ, ಕಾಲಂ ಇಲ್ಲದ್ದು ಹಣೆಬರಹ.

ರೆಪ್ಪೆಯ ವಿಷಯದಲ್ಲಿ ಇನ್ನೊಂದು ಅಡ್ಡಿ, ಸೌಂದರ್ಯದ್ದು. ಹುಟ್ಟಿನಿಂದ ಮೇಲ್ರೆಪ್ಪೆ ಜೋತು ಬಿದ್ದ ಹುಡುಗಿಯನ್ನು ತೋರಿಸಿದರೆ 'ಮದುವೆ ಹೊತ್ತಿಗೆ ಮಾಡಿಸಿದರಾಯಿತು' ಎನ್ನುವವರು ಮನೆಯಲ್ಲೂ ಇದ್ದಾರೆ, ಆಸ್ಪತ್ರೆಯಲ್ಲೂ ಇದ್ದಾರೆ. ಚೆಂದ ಕಾಣಲು ಮಾಡಿಸುವ ಶಸ್ತ್ರಚಿಕಿತ್ಸೆಗೆ ಆಯುಷ್ಮಾನ್ ದುಡ್ಡು ಕೊಡುವುದಿಲ್ಲ, ಕೊಡಲೂಬಾರದು. ಆದರೆ ರೆಪ್ಪೆ ಕಣ್ಣಿನ ಪಾಪೆಯನ್ನು ಮುಚ್ಚಿದ್ದರೆ ಬೆಳಕು ಕಾಣದ ಕಣ್ಣಿಗೆ ನೋಡುವುದನ್ನು ಮಿದುಳು ಕಲಿಸುವುದೇ ಇಲ್ಲ. ಎಳೆಯ ವಯಸ್ಸು ದಾಟಿದ ಮೇಲೆ ರೆಪ್ಪೆ ಎತ್ತಿದರೂ ಆ ಕಣ್ಣು ಮಂಜಾಗಿಯೇ ಉಳಿಯುತ್ತದೆ. ಮದುವೆ ಹೊತ್ತಿಗೆ ಮಾಡಿಸಿದರೆ ಆಗುವುದು ಸೌಂದರ್ಯದ್ದೇ, ಯಾಕೆಂದರೆ ದೃಷ್ಟಿಯ ಗಡುವು ಆಗಲೇ ಮುಗಿದಿರುತ್ತದೆ. ಹುಟ್ಟಿದ ಕೂಸಿನ ಕಣ್ಣು ಸೋರುವುದು ಮಾತ್ರ ಇದಕ್ಕೆ ಉಲ್ಟಾ: ಬಹುಪಾಲು ಕೂಸುಗಳಿಗೆ ವರ್ಷ ತುಂಬುವುದರೊಳಗೆ, ಮೂಲೆಯನ್ನು ಬೆರಳಿಂದ ಕೆಳಮುಖವಾಗಿ ನೀವುತ್ತಾ ಬಂದರೆ, ತಾನೇ ಬಿಟ್ಟುಕೊಳ್ಳುತ್ತದೆ. ಎದೆಹಾಲು, ಔಡಲ ಎಣ್ಣೆ ಬಿಡಬೇಡಿ, ನೀವುವುದನ್ನು ಕಲಿಸಿಕೊಡಿ. ಇದನ್ನು ಅಂಗನವಾಡಿಯಲ್ಲಿ ಐದು ನಿಮಿಷಕ್ಕೆ ಹೇಳಿಕೊಡಬಹುದು, ಒಂದು ರೂಪಾಯಿ ಖರ್ಚಿಲ್ಲ.

ವೈದ್ಯರು ಈ ಭಾಗಕ್ಕೆ ಬರಲು ಒಪ್ಪುವುದಿಲ್ಲ ಎಂಬುದು ಕೊನೆಯ ಸಮಜಾಯಿಷಿ. ಅದನ್ನು ನಾವು ಹುಟ್ಟಿದಾಗಿನಿಂದ ಕೇಳುತ್ತಿದ್ದೇವೆ. ನಂಜುಂಡಪ್ಪ ಸಮಿತಿ 2002ರಲ್ಲಿ ರಾಜ್ಯದ ಅತ್ಯಂತ ಹಿಂದುಳಿದ 39 ತಾಲೂಕು ಎಣಿಸಿದಾಗ 21 ನಮ್ಮ ವಿಭಾಗದ್ದೇ. 371(ಜೆ) ಬಂತು. ಏಮ್ಸ್ ಬೇಕು ಎಂದು ರಾಯಚೂರಿನಲ್ಲಿ 2022ರ ಮೇ ತಿಂಗಳಲ್ಲಿ ಧರಣಿ ಕೂತರು, ಸಾವಿರ ದಿನ ದಾಟಿತು. ಏಮ್ಸ್ ಬರಲಿ, ನಾವೂ ಆ ಧರಣಿಯ ಪರವೇ. ಆದರೆ ರೆಪ್ಪೆ ಹೊಲಿಯಲು ಏಮ್ಸ್ ಬರುವವರೆಗೆ ಕಾಯಬೇಕಿಲ್ಲ. ರಾಯಚೂರಿನಲ್ಲಿ 2007ರಿಂದ ಸರಕಾರಿ ವೈದ್ಯಕೀಯ ಕಾಲೇಜಿದೆ. ತಿಂಗಳಿಗೆ ಎರಡು ದಿನ ಒಂದು ತಂಡ ಸಿಂಧನೂರಿಗೆ ಅಥವಾ ಲಿಂಗಸುಗೂರಿಗೆ ಬಂದು ಕೂತರೆ ಸಾಕು. ಮಸ್ಕಿ ಎರಡಕ್ಕೂ ನಡುವೆ ಇದೆ, ಅರ್ಧ ಮುಕ್ಕಾಲು ಗಂಟೆಯ ದಾರಿ. ಸರಕಾರಿ ಆಸ್ಪತ್ರೆಯಲ್ಲಿ ಮಾಡಿದ ಆಪರೇಷನ್ನಿಗೂ ಯೋಜನೆಯಿಂದ ಕ್ಲೇಮ್ ಬರುತ್ತದೆ, ಅಂದರೆ ಟೇಬಲ್ಲು, ಸೂಜಿ, ನಳಿಕೆಯ ಖರ್ಚಿಗೆ ಹೊಸ ಬಜೆಟ್ಟೂ ಬೇಕಿಲ್ಲ. ತಂಡ ಬರಲು ಆಗದಿದ್ದರೆ ಪೊರೆಯವರಿಗೆ ಬಸ್ಸು ಕಳಿಸಿದಂತೆ ಇವರಿಗೂ ತಿಂಗಳಿಗೊಂದು ಬಸ್ಸು ಕಳಿಸಿ, ಎಲ್ಲ ಪರೀಕ್ಷೆಯನ್ನೂ ಒಂದೇ ದಿನ ಮುಗಿಸಿ. ಕನಿಷ್ಠ ಶಿಬಿರದ ಬೆಂಚಿನಲ್ಲೇ, ಅಲ್ಲಿ ಬಂದಿರುವ ಸರಕಾರಿ ವೈದ್ಯರ ಸಹಿ ಹಾಕಿ, ರೆಫರಲ್ ಲೆಟರ್ ಕೈಗೆ ಕೊಡಿ. ಅದಕ್ಕೆ ಒಂದು ಪೆನ್ನು ಸಾಕು.

ಮಸ್ಕಿಯಲ್ಲಿ 1915ರಲ್ಲಿ ಸಿಕ್ಕ ಬಂಡೆಯಲ್ಲಿ ಅಶೋಕನ ಹೆಸರಿದೆ ಎಂದು ನಾವೆಲ್ಲ ಶಾಲೆಯಲ್ಲಿ ಎದೆ ಉಬ್ಬಿಸಿ ಹೇಳಿದವರೇ. ಮನುಷ್ಯರಿಗೂ ಪ್ರಾಣಿಗಳಿಗೂ ಚಿಕಿತ್ಸೆಯ ಏರ್ಪಾಟು ಮಾಡಿಸಿದ್ದೇನೆ ಎಂದು ಅದೇ ಅರಸ ಬರೆಸಿದ ಶಾಸನ ಮಾತ್ರ ಮಸ್ಕಿಯಲ್ಲಿಲ್ಲ, ಬೇರೆ ಊರುಗಳಲ್ಲಿದೆ. ನಮ್ಮ ಪಾಲಿಗೆ ಬಂದದ್ದು ಆಗಲೂ ಹೆಸರೇ.

ಈ ಬರಹದಲ್ಲಿ ನಮ್ಮ ಪಾಲಿನ ತಪ್ಪನ್ನೂ ಬರೆಯಬೇಕು. ಪತ್ರಿಕೋದ್ಯಮ ಓದಿ ಹೊರಬಂದ ಮೇಲೆ ನಾವು ಬರೆದ ಮೊದಲ ಸುದ್ದಿಗಳಲ್ಲಿ ನೇತ್ರ ಶಿಬಿರದ ಸುದ್ದಿಗಳೂ ಇವೆ. ಗಣ್ಯರು ದೀಪ ಹಚ್ಚಿದರು, ಇಷ್ಟು ಜನ ತಪಾಸಣೆ ಮಾಡಿಸಿಕೊಂಡರು, ಇಷ್ಟು ಜನ ಶಸ್ತ್ರಚಿಕಿತ್ಸೆಗೆ ಆಯ್ಕೆಯಾದರು. ಫೋಟೋದಲ್ಲಿ ಹಸಿರು ಪಟ್ಟಿ ಕಟ್ಟಿದ ಅಜ್ಜ ಅಜ್ಜಿಯರ ಸಾಲು. ಮೊದಲ ಅಂಕಿಯಿಂದ ಎರಡನೆಯದನ್ನು ಕಳೆದರೆ ಉಳಿಯುವವರು ಯಾರು, ಅವರು ಎಲ್ಲಿ ಹೋದರು ಎಂದು ನಾವು ಒಮ್ಮೆಯೂ ಕೇಳಲಿಲ್ಲ. ಎಲ್ಲರೂ ಕಣ್ಣು ಚೆನ್ನಾಗಿದ್ದವರೇನಲ್ಲ. ಸಕ್ಕರೆ ಹೆಚ್ಚಿದ್ದವರು, ಬಿಪಿ ಹೆಚ್ಚಿದ್ದವರು, ಕಣ್ಣೀರ ದಾರಿ ಮುಚ್ಚಿದ್ದವರು, ರೆಪ್ಪೆ ಮಡಚಿದ್ದವರು ಆ ಕಳೆಯುವ ಲೆಕ್ಕದಲ್ಲಿದ್ದರು. ನಮ್ಮ ಸುದ್ದಿಯಲ್ಲೂ ಅವರಿಗೆ ಕಾಲಂ ಇರಲಿಲ್ಲ.

ಸೊಪ್ಪಿನ ಅಮ್ಮನನ್ನು ಹೋದ ವಾರ ಮತ್ತೆ ನೋಡಿದೆವು. ಮೆಂತ್ಯ, ರಾಜಗಿರಿ, ಪುಂಡಿಪಲ್ಲೆ ಹರಡಿಕೊಂಡು ಕೂತಿದ್ದರು. ಎಡಗಣ್ಣು ಕೆಂಪಗಿತ್ತು. ಚಿಲ್ಲರೆ ನೋಟನ್ನು ಮುಖದ ಹತ್ತಿರ ಹಿಡಿದು, ಹತ್ತೋ ಇಪ್ಪತ್ತೋ ಎಂದು ಪಕ್ಕದವಳನ್ನು ಕೇಳಿದರು. ಮತ್ತೊಂದು ಶಿಬಿರದ ಪಾಂಪ್ಲೆಟ್ ಯಾರೋ ಕೊಟ್ಟು ಹೋಗಿದ್ದರು, ಅದರಲ್ಲೇ ಮೆಣಸಿನಕಾಯಿ ಕಟ್ಟಿ ಗಿರಾಕಿಗೆ ಕೊಟ್ಟರು. ಆ ಶಿಬಿರಕ್ಕೆ ನಾವು ನೋಟ್‌ಬುಕ್ ಹಿಡಿದು ಹೋಗುತ್ತಿದ್ದೇವೆ, ವೇದಿಕೆಯ ಕಡೆಗಲ್ಲ, ಗೇಟಿನ ಹತ್ತಿರ. ವಾಪಸ್ ಬರುವ ಪ್ರತಿಯೊಬ್ಬರ ಊರು, ವಯಸ್ಸು, ಏನು ಹೇಳಿ ಕಳಿಸಿದರು, ಚೀಟಿ ಕೊಟ್ಟರೋ ಇಲ್ಲವೋ, ಇಷ್ಟನ್ನು ಬರೆದುಕೊಂಡು, ಹೆಸರು ಬಿಟ್ಟು, ಇಲ್ಲೇ ಹಾಕುತ್ತೇವೆ. ಒಂದು ಪ್ರತಿ ಜಿಲ್ಲಾ ಆರೋಗ್ಯಾಧಿಕಾರಿಗಳಿಗೆ, ಇನ್ನೊಂದು ಬೆಂಗಳೂರಿನ ಟ್ರಸ್ಟಿಗೆ. ಸಿಂಧನೂರು, ಲಿಂಗಸುಗೂರು ಕಡೆಯ ಗೆಳೆಯರು ನಿಮ್ಮ ಊರಿನ ಶಿಬಿರದ ಗೇಟಿನಲ್ಲೂ ಒಬ್ಬರು ನಿಂತುಕೊಳ್ಳಿ.